ಮಾತ್ರೆಯ ಮೇಲೊಂದು ಕಾಫಿ

ನಾನು ಮೈಸೂರಿನವಳು, ಮದುವೆಯಾಗಿ ಕೋಡಂಬಾಕ್ಕಂಗೆ ಬಂದವಳು. ಅತ್ತೆಯ ಮನೆಯವರು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ವೈಷ್ಣವರು. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಅದರಲ್ಲಿ ಅರ್ಧ ತಮಿಳು. ಸೊಪ್ಪಿಗೆ ಅತ್ತೆ ಕೀರೆ ಎನ್ನುವರು, ಊಟಕ್ಕೆ ಸಾಪಾಡು. ಮೊದಮೊದಲು ತಿದ್ದುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ತರಕಾರಿಯವನ ಹತ್ತಿರ ನಾನೂ ಕೀರೆಗೇ ಚೌಕಾಸಿ ಮಾಡತೊಡಗಿದ್ದೆ.

ಬಸುರಿಯಾದಾಗ ರಕ್ತ ಕಡಿಮೆ ಇದೆಯೆಂದು ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮಧ್ಯಾಹ್ನದ ಊಟವಾದ ಮೇಲೆ ನುಂಗಬೇಕು. ನುಂಗಿದರೆ ಬಾಯೆಲ್ಲ ತುಕ್ಕು ತುಕ್ಕು. ಆ ರುಚಿ ಹೋಗಲೆಂದು ಅತ್ತೆ ಹಿಂದೆಯೇ ಕಾಫಿ ತರುತ್ತಿದ್ದರು. ಆಗಷ್ಟೇ ಇಳಿದ ಡಿಕಾಕ್ಷನ್ನು, ಗಟ್ಟಿ ಹಾಲು, ಮೇಲೆ ನೊರೆ. ನಮ್ಮತ್ತೆ ಮಾತಿನಲ್ಲಿ ಜಿಪುಣಿ, ಕಾಫಿಯಲ್ಲಿ ಕರ್ಣ. ಬೇಡವೆನ್ನುವ ಧೈರ್ಯ ನನಗಿರಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ.

ಏಳನೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರೆ ರಕ್ತ ಏರುವ ಬದಲು ಇನ್ನಷ್ಟು ಇಳಿದಿತ್ತು. ಹೀಗೇ ಇದ್ದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ನಿನ್ನ ಜೀವಕ್ಕೇ ಕಷ್ಟ ಎಂದರು ಡಾಕ್ಟರಮ್ಮ. ಮಗುವಿಗೂ ಹುಟ್ಟಿದ ಮೇಲಿನ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣವೆಲ್ಲ ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಸಿಗಬೇಕಂತೆ. ಮಾತ್ರೆ ತಪ್ಪಿಸುತ್ತಿದ್ದೀಯಾ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಒಂದು ದಿನವೂ ತಪ್ಪಿಸಿಲ್ಲ, ನುಂಗಿದ ಮೇಲೆ ಅತ್ತೆ ಕೈಯಾರೆ ಕಾಫಿ ಬೇರೆ ಕೊಡುತ್ತಾರೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಕಾಫಿ, ಹಾಲು ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಮಾತ್ರೆಯ ಆಸುಪಾಸಿನಲ್ಲಿ ಅವು ಬೇಡವೇ ಬೇಡ, ಬದಲಿಗೆ ನಿಂಬೆ ಹಣ್ಣಿನ ಪಾನಕ ಕುಡಿ, ದಿನಾ ಸೊಪ್ಪು, ಬೇಳೆಕಾಳು, ರಾಗಿ ತಿನ್ನು ಎಂದರು.

ಆಟೋದಲ್ಲಿ ಹಿಂತಿರುಗುವಾಗ ಹೆದರಿಕೆಯ ಜೊತೆಗೆ ಇನ್ನೊಂದು ಚಿಂತೆ. ಇದನ್ನು ಅತ್ತೆಗೆ ಹೇಳುವುದು ಹೇಗೆ? ಬಾಯಲ್ಲಿ ಬಿಸಿತುಪ್ಪ. ಪಕ್ಕದಲ್ಲಿದ್ದ ಗಂಡ ನೀನೇ ಹೇಳು ಎಂದು ರಸ್ತೆ ನೋಡತೊಡಗಿದ. ಹೆತ್ತ ತಾಯಿಗೆ ಹೆದರುವ ಗಂಡಸು ಹೊರಗೆ ಆಫೀಸಿನಲ್ಲಿ ಮ್ಯಾನೇಜರು.

ಹೇಳಿದೆ. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಮುಗಿಯಿತು, ಇನ್ನು ಹೆರಿಗೆಯವರೆಗೂ ಮೌನವ್ರತ ಎಂದುಕೊಂಡು ಹಿಂದೆಯೇ ಹೋದೆ. ಅವರು ಕಟ್ಟೆಗೆ ಒರಗಿ ನಿಂತಿದ್ದರು.

"ನಮ್ ಕಾಲದಲ್ಲಿ ಎಲ್ಲಾರ್ದೂ ಸಾಪಾಡು ಆದ್ಮೇಲೇ ಸೊಸೆಗೆ," ಎಂದರು. "ಅಷ್ಟೊತ್ತಿಗೆ ಪಾತ್ರೇಲಿ ಏನೂ ಮಿಕ್ಕಿರ್ತಿರ್ಲಿಲ್ಲ. ಪಾವಂ ಅಂತ ನಮ್ಮತ್ತೆ ಒಂದು ಟಂಬ್ಲರ್ ಕಾಫಿ ಕೊಡೋರು, ಹಸಿವು ಅಡಗ್ಲಿ ಅಂತ. ಬಸುರೀಲಿ ನಂಗೆ ಅಂತ ಯಾರಾದ್ರೂ ಕೊಟ್ಟಿದ್ದು ಅದೊಂದೇ. ಅದನ್ನೇ ನಿಂಗೂ ಕೊಟ್ಟೆ, ಕಣ್ಣಾ."

ಚೊಚ್ಚಲು ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ತಾವು ಉಳಿದದ್ದೇ ಹೆಚ್ಚು ಎಂದೂ ಆಗ ಹೇಳಿದರು. ಆ ಹೆರಿಗೆಯಲ್ಲಿ ಹುಟ್ಟಿದ ನನ್ನ ಗಂಡ ಅಂಗೈಯಷ್ಟೇ ಇದ್ದನೆಂದು ಮನೆಯವರೆಲ್ಲ ನಗುತ್ತಾ ಹೇಳುವುದನ್ನು ಕೇಳಿದ್ದೆ. ಅಷ್ಟೇ ಏಕಿದ್ದ ಎಂದು ಯಾರೂ ಹೇಳಿರಲಿಲ್ಲ. ನನಗೆ ಅಳು ಬಂತು. ಅತ್ತೆ ಅಳಲಿಲ್ಲ, ನುಗ್ಗೆಸೊಪ್ಪು ಬಿಡಿಸಲು ಕೂತರು.

ಮರುದಿನ ಮಧ್ಯಾಹ್ನ ಮಾವ ಎಂದಿನಂತೆ ಬಂದು ಕೂತರು, ತಟ್ಟೆ ಬರಲಿಲ್ಲ. ಮೊದಲು ಅವಳದ್ದಾಗಲಿ ಎಂದರು ಅತ್ತೆ. ಮಾವ ಪೇಪರು ಬಿಡಿಸಿ ರಾಶಿಫಲದವರೆಗೂ ಓದಿದರು. ಅಂದಿನಿಂದ ಅದೇ ಕ್ರಮವಾಯಿತು. ಸೊಪ್ಪಿನ ಪಲ್ಯ, ಸೊಪ್ಪಿನ ಹುಳಿ, ಸೊಪ್ಪಿನ ತೊವ್ವೆ, ರಾತ್ರಿಗೆ ರಾಗಿ ದೋಸೆ. ಮಾತ್ರೆಯ ಜೊತೆಗೆ ನಿಂಬೆ ಪಾನಕ. ಬೇಸತ್ತು ಒಮ್ಮೆ ನಾನೇನು ಹಸುವೇ ಎಂದು ರೇಗಿದೆ. ಹಸುವಾಗಿದ್ದರೆ ಇಷ್ಟು ಮಾತಾಡುತ್ತಿರಲಿಲ್ಲ ಎಂದು ಇನ್ನೊಂದು ಸೌಟು ಬಡಿಸಿದರು. ತಮ್ಮ ಮಧ್ಯಾಹ್ನದ ಕಾಫಿಯನ್ನೂ ಬಿಟ್ಟರು. ಪರಿಮಳ ಬಂದರೆ ನನಗೆ ಆಸೆಯಾಗುತ್ತದಂತೆ.

ಒಂಬತ್ತನೇ ತಿಂಗಳ ಪರೀಕ್ಷೆಯಲ್ಲಿ ರಕ್ತ ಏರಿತ್ತು. ಹೆರಿಗೆ ಸುಸೂತ್ರವಾಯಿತು, ರಕ್ತ ಕೊಡಿಸುವ ಪ್ರಸಂಗ ಬರಲಿಲ್ಲ. ಹೆಣ್ಣುಮಗು, ಒಳ್ಳೆಯ ತೂಕ, ಅಳುವುದರಲ್ಲಂತೂ ನನ್ನ ಮಗಳೇ.

ಮಾರನೆಯ ದಿನ ಆಸ್ಪತ್ರೆಯ ಕೋಣೆಗೆ ಅತ್ತೆ ಕ್ಯಾರಿಯರಿನಲ್ಲಿ ಊಟ ತಂದರು. ತುಪ್ಪ ಹಾಕಿ ಕಲೆಸಿಕೊಟ್ಟ ಮೆಣಸಿನ ಸಾರನ್ನವನ್ನು ಅರ್ಧ ಉಂಡ ಮೇಲೆ ಅವರ ಮುಖ ನೋಡಿದೆ. ಬೆಳಗಿನಿಂದ ಮಗುವಿನ ಬಟ್ಟೆ, ನನ್ನ ಅಡುಗೆ ಎಂದು ಓಡಾಡಿ ಕಣ್ಣು ಒಳಗೆ ಹೋಗಿದ್ದವು.

"ನಿಮ್ಮ ಊಟ ಆಯ್ತಾ ಅತ್ತೆ?"

ಅವರು ಸೆರಗಿನಿಂದ ಮಗುವಿಗೆ ಗಾಳಿ ಬೀಸಿದರು. ಆಮೇಲೆ ಮೆಲ್ಲಗೆ, "ಇದನ್ನ ನನ್ನ ಯಾರೂ ಕೇಳಿದ್ದಿಲ್ಲ," ಎಂದರು.

ಮಡಿ, ಮುಸುರೆ, ಎಂಜಲು ಎಂದು ಜೀವಮಾನವೆಲ್ಲ ನಡೆದುಕೊಂಡು ಬಂದವರು. ನಾನು ಹಸೀ ಬಾಣಂತಿ, ಇನ್ನೂ ಪುರುಡು ಕಳೆದಿರಲಿಲ್ಲ. ಆದದ್ದಾಗಲಿ ಎಂದು ನನ್ನ ತಟ್ಟೆಯಿಂದಲೇ ಒಂದು ತುತ್ತು ಕಟ್ಟಿ ಅವರ ಮುಂದೆ ಹಿಡಿದೆ. ಅತ್ತೆ ಒಮ್ಮೆ ಬಾಗಿಲ ಕಡೆ ನೋಡಿದರು, ಆಮೇಲೆ ಬಾಯಿ ತೆರೆದರು.