ಕೊಡ ಇಡುವ ಬಾಗಿಲು

ಚಂದಾಪುರದ ಆಚೆಗಿನ ಆ ಸಣ್ಣ ಹಳ್ಳಿಯಲ್ಲಿ ಬೀದಿದೀಪ ಆರಿದರೆ ಜನ ‘ಅಯ್ಯೋ’ ಎನ್ನುವ ಮೊದಲು ‘ಮುನಿವೆಂಕಟಮ್ಮಾ’ ಎಂದು ಕೂಗುತ್ತಿದ್ದರು. ಪಂಚಾಯಿತಿ ಅಧ್ಯಕ್ಷೆಯಾದ ಅವರ ಗೇಟಿಗೆ ಚಿಲಕವೇ ಇರಲಿಲ್ಲ. ನಲ್ಲಿ ಒಣಗಿದ ದಿನ ಹೆಂಗಸರು ಖಾಲಿ ಕೊಡಗಳನ್ನು ತಂದು ಅವರ ಬಾಗಿಲಿಗೆ ಅಡ್ಡ ಇಡುತ್ತಿದ್ದರು. ನೀರು ಬರುವವರೆಗೆ ಅಧ್ಯಕ್ಷೆ ಆ ಕೊಡಗಳನ್ನು ದಾಟುವಂತಿಲ್ಲ, ಅದು ಊರಿನ ಕಟ್ಟುಪಾಡು. ಅವರು ಒಳಗಿನಿಂದ ಫೋನಿನಲ್ಲಿ ಟ್ಯಾಂಕರಿನವನನ್ನು ಬೈಯುತ್ತಿದ್ದರು, ಹೊರಗಿನವರು ಅವರನ್ನು ಬೈಯುತ್ತಿದ್ದರು, ನಡುವೆ ಕಿಟಕಿಯಿಂದ ಎಲ್ಲರಿಗೂ ಕಾಫಿ ಬರುತ್ತಿತ್ತು. ಪಂಚಾಯಿತಿಯನ್ನು ರದ್ದು ಮಾಡಿ ಹಳ್ಳಿಯನ್ನು ಪುರಸಭೆಗೆ ಸೇರಿಸಬೇಕೇ ಎಂದು ಗ್ರಾಮಸಭೆ ಕರೆದ ದಿನ ಅವರು ಕೇಳಿದ್ದು ಒಂದೇ: “ಆಮೇಲೆ ಕೊಡ ಯಾರ ಬಾಗಿಲಿಗೆ ಇಕ್ತೀರಮ್ಮಾ?” ಜನ ನಕ್ಕರು. ಎತ್ತಿದ ಕೈಗಳು ಎರಡೂ ಕಡೆ ಸಮನಾದವು. ಉಳಿದದ್ದು ಅಧ್ಯಕ್ಷೆಯ ಕೈಯೊಂದೇ; ಪಂಚಾಯಿತಿಯ ಪರ ಎತ್ತಿದರೆ ಅವರ ಕುರ್ಚಿ ಉಳಿಯುತ್ತಿತ್ತು. ಅವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದ ದೇವಕ್ಕನತ್ತ ನೋಡಿದರು. ಯಾದಗಿರಿಯಿಂದ ಬಂದು ವಠಾರದಲ್ಲಿ ಬಾಡಿಗೆಗಿದ್ದ ಗಾರೆ ಕೆಲಸದಾಕೆ ಅವಳು. “ನೀನೇನಂತೀಯೇ?” “ನಮ್ಮ ಓಟು ನಮ್ಮೂರಾಗ ಐತ್ರೀ ಅಕ್ಕಾ.” “ನೀರು ಕುಡಿಯೋದು ಇಲ್ಲೇ ಅಲ್ವಾ? ಯೋಳು.” “ಪುರಸಭಿ ಆದ್ರ ನಮ್ಮ ವಠಾರಕ್ಕೂ ಪೈಪ್ ಬರ್ತದಂತ್ರೀ.” “ಅಂಗಾದ್ರೆ ಒಂದ್ ದಿನಾನೂ ಕೊಡ ತಂದು ಯಾಕಿಕ್ಕಲಿಲ್ಲ?” “ಬಾಡಿಗಿಯವ್ರು ಹ್ಯಾಂಗ ಇಡೋದ್ರೀ?” ಮುನಿವೆಂಕಟಮ್ಮ ಪುರಸಭೆಯ ಪರವಾಗಿ ಕೈ ಎತ್ತಿದರು. ಅವರನ್ನು ಸೋಲಿಸಲೆಂದೇ ಬಂದಿದ್ದವರೂ ಎದ್ದು ನಿಂತರು.