ಒಲೆಯ ಮೇಲಿಟ್ಟ ಬಿಲಿಯರ್ಡ್ಸ್ ಕೋಲು

ಕೋಲು ಆಗಲೇ ಬೇರೆಯವರ ಪಾಲಾಗಿರಬಹುದು. ಬೆಲೆ ನನ್ನ ಗುಮಾಸ್ತಗಿರಿಯ ಸಂಬಳಕ್ಕೆ ನಿಲುಕದೆ ಹೋಗಬಹುದು. ಅಷ್ಟುದ್ದದ ಕೋಲನ್ನು ಬಸ್ಸಿನವನು ಒಳಗೆ ಬಿಡಲಿಕ್ಕಿಲ್ಲ. ಗಂಡನನ್ನು ಕಳೆದುಕೊಂಡ ಆಕೆ ನನ್ನನ್ನು ಕಂಡು ಅತ್ತುಬಿಟ್ಟರೆ ಏನು ಹೇಳುವುದು? ಶಿರಸಿಯಿಂದ ಬನವಾಸಿ ಮುಟ್ಟುವವರೆಗೂ ಇದನ್ನೇ ಯೋಚಿಸಿ ಬೆವರಿದ್ದೆ.

ಈ ವಯಸ್ಸಿನಲ್ಲಿ ನನಗೆ ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಕಲಿಸಿದ ಅಕ್ಕಿ ವ್ಯಾಪಾರಿ ಶಿವಪ್ಪಣ್ಣ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ನಾನು ಸ್ವಂತಕ್ಕೊಂದು ಅಗ್ಗದ ಕೋಲು ಹುಡುಕುತ್ತಿರುವುದು ತಿಳಿದು, ಗಂಡನ ಕೋಲು ಕೊಡುವುದಿದೆಯೆಂದು ಬನವಾಸಿಯಿಂದ ಅವರ ಹೆಂಡತಿಯೇ ಹೇಳಿಕಳಿಸಿದ್ದರು.

"ಥಂಡಿ ಹಿಡಿದು ಕೆಡಬಾರದಂತ ಒಲಿ ಮ್ಯಾಲಿನ ಅಟ್ಟದಾಗ ಇಟ್ಟಿದ್ನ್ರಿ, ಅಣ್ಣಾರ," ಎನ್ನುತ್ತ ಆಕೆ ಸೆರಗಿನಿಂದ ಮಸಿ ಒರೆಸಿದರು. ಮಳೆಗಾಲದಲ್ಲಿ ಹಪ್ಪಳ, ಬಿತ್ತನೆಯ ಬೀಜ ಎಲ್ಲವನ್ನೂ ನಮ್ಮ ಕಡೆ ಕಾಪಾಡುವುದು ಅಲ್ಲೇ. ಆಮೇಲೆ, ಗಂಡ ಮಾಡುತ್ತಿದ್ದ ಹಾಗೆಯೇ, ಕೋಲನ್ನು ನೆಲದ ಮೇಲೆ ಉರುಳಿಸಿದರು. ಸೊಟ್ಟಗಿದ್ದರೆ ಗೊತ್ತಾಗಲೆಂದು ಆಡುವವರು ಹಾಗೆ ಉರುಳಿಸುತ್ತಾರೆ. ಉರುಳಿಸಿದ ಮೇಲೆ ಏನು ನೋಡಬೇಕೆಂಬುದು ಮಾತ್ರ ಆಕೆಗೆ ತಿಳಿದಿರಲಿಲ್ಲ. ಮಳೆಗಾಲವಿಡೀ ಬಿಸಿ ಹೊಗೆ ಕುಡಿದಿದ್ದ ಕೋಲು ನಡು ಎತ್ತಿ ಎತ್ತಿ ಕುಣಿಯುತ್ತ ಹೋಗಿ ಗೋಡೆಗೆ ತಾಗಿತು.

"ನೆಟ್ಟಗೈತಲ್ರಿ?" ಎಂದು ಕೇಳಿದರು.

"ಗೆರಿ ಎಳದಂಗ ಐತ್ರಿ, ಅಕ್ಕಾರ," ಎಂದೆ.

"ಹಂಗಾರ ನಾ ಏನೂ ಕೆಡಸಿಲ್ಲ," ಎಂದು ಆಕೆ ನೆಮ್ಮದಿಯ ಉಸಿರು ಬಿಟ್ಟರು.

ಕ್ಲಬ್ಬಿನಲ್ಲಿ ಈಗಲೂ ಎರವಲು ಕೋಲಿನಲ್ಲೇ ಆಡಿ ಸೋಲುತ್ತೇನೆ. ಅವರ ಕೋಲು ನನ್ನ ಮಂಚದ ಕೆಳಗಿದೆ. ಅಂದು ಹೆದರಿಕೊಂಡು ಹೋದದ್ದರಲ್ಲಿ ಒಂದೂ ಆಗಲಿಲ್ಲ. ಕೋಲು ಒಂದು ಬೆರಳಿನಷ್ಟು ಬಾಗಿತ್ತು, ಅಷ್ಟೇ.