ಸೊಪ್ಪಿನ ಬುಟ್ಟಿ ಹೊತ್ತ ಮುದುಕಿ

ನನ್ನ ಮೊಮ್ಮಗಳಿಗೆ ನಾಟಕದಲ್ಲಿ ಪಾರ್ಟು ಸಿಕ್ಕಿತು. ನಮ್ಮ ಮನೆತನದಲ್ಲೇ ರಂಗಸ್ಥಳ ಹತ್ತಿದ ಮೊದಲನೆಯವಳು ಅವಳು. ನಾನು ಮೀನು ಮಾರುವ ಮನೆಮನೆಗೂ ಹೇಳಿಕೊಂಡು ಬಂದೆ. ಯಾವ ಪಾರ್ಟು ಎಂದು ಕೇಳಿದವರಿಗೆ ಹೇಳಲು ನನಗೂ ಗೊತ್ತಿರಲಿಲ್ಲ. ಅವಳು ಹೇಳಿದ್ದು ಇಷ್ಟೇ: "ಬಂದ್ ಕಾಣ್ ಅಮ್ಮಮ್ಮ."

ಆಗ ಮೊಬೈಲು ಬಂದ ಹೊಸತು. ಅವಳು ಬ್ರಹ್ಮಾವರದಲ್ಲಿ ಕಾಲೇಜು ಓದುತ್ತಿದ್ದಳು. ಯಾವುದೋ ಹಳೆಯ ದೊಡ್ಡ ಕಾದಂಬರಿಯನ್ನು ಅಲ್ಲಿ ನಾಟಕ ಮಾಡಿದ್ದರು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಅಷ್ಟು ದಪ್ಪದ ಪುಸ್ತಕ ನನಗೆಲ್ಲಿ.

ಮಧ್ಯಾಹ್ನದ ಆಟ. ನನ್ನ ಮಗ, ಅವಳ ಅಪ್ಪ, ಬೈಂದೂರಿನಲ್ಲಿ ಮೀನು ಇಳಿಸಿ ಬಂದದ್ದೇ ತಡವಾಯಿತು. ಮತ್ತೆ ಟೆಂಪೋ ತೊಳೆಯಬೇಕಲ್ಲ. ನಾನು ಸೀರೆ ಉಟ್ಟು ಅಂಗಳಕ್ಕೂ ಬಾಗಿಲಿಗೂ ನಡೆದೇ ನಡೆದೆ. ನನ್ನ ಗಂಡ, ತಂಗಿ, ಸೊಸೆ, ಕೇರಿಯ ಹೆಂಗಸರು, ಎಲ್ಲ ಹತ್ತಿ ಹೊರಟೆವು.

ನಾವು ಒಳಗೆ ಹೋಗುವಾಗ ಆಟ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ನಾನು ಕಂಡದ್ದೆಲ್ಲ ಯಕ್ಷಗಾನ. ಅಲ್ಲಿ ಕಲಿಯುವ ಮಕ್ಕಳ ವೇಷ ಮೊದಲಿಗೇ ಕುಣಿದು ಮುಗಿಯುತ್ತದೆ, ದೊಡ್ಡವರದ್ದು ಆಮೇಲೆ.

"ಹೊಸಬ್ರ್ ವೇಷ ಸುರುವಿಗೇ ಅಲ್ದಾ? ಅದ್ ಬಂದ್ ಹೋಯ್ತ್ ಕಾಣ್," ಎಂದೆ ತಂಗಿಗೆ.

"ಸುಮ್ನೆ ಕೂಕೋ ಅಕ್ಕ. ಹಿಂದಿನವ್ರಿಗ್ ಕಾಂತಿಲ್ಲೆ."

ಕೂರುವುದು ಹೇಗೆ? ಒಬ್ಬೊಬ್ಬಳು ಹುಡುಗಿ ಬಂದಾಗಲೂ ಎದ್ದು ನೋಡಿದೆ. ಮದುಮಗಳು ಬಂದಳು, ನಮ್ಮವಳಲ್ಲ. ನೀರು ತರುವವಳು ಬಂದಳು, ಅವಳೂ ಅಲ್ಲ. ನಡುವೆ ಒಬ್ಬಳು ಬಿಳಿ ತಲೆಯ ಮುದುಕಿ ಬಂದು ಹೋಗುತ್ತಲೇ ಇದ್ದಳು. ಅವಳ ಮೇಲೆ ನನಗೆ ಸಿಟ್ಟೇ ಬಂತು.

"ಈ ಅಜ್ಜಿ ಒಳ್ಗ್ ಹೋಪುದ್ ಯಾವಾಗ?" ಎಂದೆ.

"ನೀನ್ ಕೂಕಂಡಾಗ," ಎಂದರು ನನ್ನ ಗಂಡ.

ಅಷ್ಟರಲ್ಲಿ ಆ ಮುದುಕಿ ತಲೆ ಮೇಲಿನ ಒಣ ಸೊಪ್ಪಿನ ಬುಟ್ಟಿ ಇಳಿಸಿದಳು. ಇಳಿಸಿದವಳೇ ಸೆರಗಿನ ತುದಿಯಿಂದ ಕಿವಿಯ ಹಿಂದೆ ಒರೆಸಿಕೊಂಡಳು, ಮತ್ತೆ ಕುತ್ತಿಗೆ.

ನಾನು ಎದ್ದವಳು ಹಾಗೆಯೇ ನಿಂತೆ. ಒಣ ಸೊಪ್ಪಿನ ಬುಟ್ಟಿಯಿಂದ ನೀರು ಸೋರುವುದಿಲ್ಲ. ಮೀನು ಹೊತ್ತವರಿಗೆ ಮಾತ್ರ ಮಂಜುಗಡ್ಡೆ ಕರಗಿದ ನೀರು ಕಿವಿಯ ಹಿಂದಿನಿಂದ ಇಳಿಯುತ್ತದೆ. ಜಗಲಿಗೆ ಬಂದು ಬುಟ್ಟಿ ಇಳಿಸಿದ ಕೂಡಲೇ ನಾನು ದಿನವೂ ಒರೆಸಿಕೊಳ್ಳುವುದು ಹಾಗೆಯೇ.

"ನಮ್ ಹೆಣ್ಣೇ ಅದ್," ಎಂದೆ. ಹಿಂದಿನವರು ಏನೋ ಅಂದರು. ನಾನು ಕೂರಲಿಲ್ಲ. ಕಡೆಯವರೆಗೂ ಗೋಡೆಗೆ ಒರಗಿ ನಿಂತೇ ನೋಡಿದೆ.

ಸಂಜೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮೊಮ್ಮಗಳ ತಲೆಯಲ್ಲಿ ಇನ್ನೂ ಬಿಳಿ ಪೌಡರು.

"ಸೊಪ್ಪಿಂದ ನೀರ್ ಇಳಿತ್ತಾ ಹೆಣ್ಣೆ?" ಎಂದು ಕೇಳಿದೆ.

"ನಾಟ್ಕದ್ ಮಾಸ್ಟ್ರೂ ಅದನ್ನೇ ಕೇಂಡ್ರ್. ಬುಟ್ಟಿ ಇಳ್ಸುದ್ ಅಂದ್ರೆ ನಂಗ್ ಗೊತ್ತಿಪ್ಪುದ್ ಹೀಂಗೇ ಅಂದೆ."

ಎಲ್ಲರೂ ನಕ್ಕರು. ನಾನು ಬಂಗುಡೆ ಸಾರಿನ ಪಾತ್ರೆ ಹಿಡಿದು ಅವಳ ಬಟ್ಟಲಿಗೆ ಒಂದು ಮೀನು ಹಾಕಿದೆ, ಸುತ್ತು ಬಂದು ಮತ್ತೊಂದು ಹಾಕಿದೆ. ಮೂರನೆಯದಕ್ಕೆ ತಂಗಿ ನನ್ನ ಸೆರಗು ಹಿಡಿದೆಳೆದಳು.

"ಈಗಾದ್ರೂ ಕೂಕೋ ಅಕ್ಕ. ಹಿಂದೆ ಯಾರೂ ಇಲ್ಲೆ."

ಮೊಮ್ಮಗಳ ಪಕ್ಕದಲ್ಲಿ ಕೂತು ಅನ್ನ ಕಲಸಿದೆ.